ಹೇಂಟೆಯ ಅಡಿಯ ಬಾತಿನ ಮೊಟ್ಟೆ

"ನಾನು ಹೇಳೋದು ಸುಳ್ಳು ಅನ್ನೋ ಗಂಡು ಇದ್ದರೆ ಈಗಲೇ ಮುಂದೆ ಬರಲಿ, ಉಸ್ತಾದ್ರೆ. ಗರಡಿ ಹಿತ್ತಲ ಬಾತಿನ ದೊಡ್ಡಿಗೆ ನುಗ್ಗಿ ಮೊಟ್ಟೆ ಆಯ್ದವನು ನಾನು. ಒಲೆ ಹಚ್ಚಿ ಬೇಯಿಸಿದವನು ನಾನು. ಸುಲಿದವನು ನಾನು, ತಿನ್ನೋನೂ ನಾನೇ. ಹಂಗಿದ್ಮೇಲೆ ಉಣ್ಣೋ ಮುಂಚೆ ಕೈ ಮುಗಿ ಅಂತೀರಲ್ಲ, ಯಾರಿಗೆ ಮುಗೀಲಿ?"

ಕೇಳಿದವನು ಜವರ. ನಾಲೆ ಬಯಲಿನ ಆ ಗರಡಿಯಲ್ಲಿ ಅವನ ಬೆನ್ನಿಗೆ ಮಣ್ಣು ಮುಟ್ಟಿಸುವವನು ಇನ್ನೂ ಹುಟ್ಟಿರಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ.

ಉಸ್ತಾದರು ಅವನ ಕೈಯಲ್ಲಿದ್ದ ಬಾತಿನ ಮೊಟ್ಟೆಯನ್ನು ನೋಡಿದರು.

"ಕೂತ್ಕೊಳ್ಲಾ. ನಿನಗಿಂತ ದೊಡ್ಡ ಬಾಯಿಯವನೊಬ್ಬನ ಕತೆ ಹೇಳ್ತೀನಿ. ತಿನ್ನೋದು ಆಮೇಲೆ" ಎಂದರು. ಹೇಳಿದರು.

ಒಬ್ಬ ಅಡಿಗೆಯವನಿದ್ದ. ಹಳ್ಳಿಯಲ್ಲಿ ಹುಟ್ಟಿ ಹಳ್ಳಿಯಲ್ಲೇ ಬೆಳೆದ ಹುಡುಗ. ಬೀಗರೂಟಕ್ಕೆ ಅವನು ಒಲೆ ಹೂಡಿದರೆ ಘಮಲು ಪಕ್ಕದೂರಿಗೆ ಹೋಗುತ್ತಿತ್ತು. ಅವನ ಮಾತು ಅದಕ್ಕೂ ಮುಂದಿನ ಊರಿಗೆ ಹೋಗುತ್ತಿತ್ತು. ಬೇಲಿ, ಬಯಲು, ಕೆರೆಯಂಗಳ ಅಲೆದು, ಸಿಕ್ಕಿದ ಹಕ್ಕಿಯ ಮೊಟ್ಟೆಯನ್ನೆಲ್ಲ ಸುಟ್ಟೋ ಬೇಯಿಸಿಯೋ ತಿಂದು ಬೆಳೆದ ನಾಲಿಗೆ ಅವನದು. "ಕಣ್ಣು ಕಟ್ಟಿ ಬಾಯಿಗಿಡಿ. ಇಟ್ಟ ಹಕ್ಕಿ ಯಾವುದು ಅಂತ ಹೇಳದಿದ್ದರೆ ಈ ಮೀಸೆ ನಂದಲ್ಲ" ಎನ್ನುತ್ತಿದ್ದ. ಹೇಳುತ್ತಾ ಮೀಸೆ ತಿರುವುತ್ತಿದ್ದ. ಆ ಮೀಸೆ ಅವನ ಪ್ರಾಣ.

ಒಂದು ದಿನ ಒಬ್ಬ ಕೋಳಿ ವ್ಯಾಪಾರಿ ಈ ಮಾತನ್ನು ಹಿಡಿದುಕೊಂಡ. "ಗೆದ್ದರೆ ನನ್ನ ರುಮಾಲು ನಿನ್ನ ಕಾಲಿಗೆ. ಸೋತರೆ ನಿನ್ನ ಮೀಸೆ ನನ್ನ ಕತ್ತರಿಗೆ. ಹೊತ್ತು ಮುಳುಗೋದ್ರೊಳಗೆ ತೀರ್ಮಾನ ಆಗಬೇಕು" ಎಂದ.

ಊರು ಸೇರಿತು. ಅಡಿಗೆಯವನ ಕಣ್ಣಿಗೆ ಬಟ್ಟೆ ಕಟ್ಟಿದರು. ಗಾತ್ರದಿಂದ ಗುರುತು ಸಿಗಬಾರದೆಂದು ಪ್ರತಿಯೊಂದನ್ನೂ ಒಡೆದು, ಕಲಕಿ, ಬರೀ ಉಪ್ಪು ಹಾಕಿ ಹಂಚಿನ ಮೇಲೆ ಹುಯ್ದರು.

ಮೊದಲ ತುತ್ತಿಗೆ ಅವನು, "ಗಿನಿಕೋಳಿ. ಬಿಳಿ ಕಮ್ಮಿ, ಹಳದಿ ಗಟ್ಟಿ" ಎಂದ. ಸರಿಯಾಗಿತ್ತು. ಎರಡನೆಯದಕ್ಕೆ ನಕ್ಕುಬಿಟ್ಟ. "ಲಾವಕ್ಕಿ. ಪಾಪ, ಒಂದು ತುತ್ತಿಗೆ ಒಂದು ಹಿಡಿ ಒಡೆದಿದ್ದೀರಲ್ಲ!" ಅದೂ ಸರಿ. ಟರ್ಕಿಕೋಳಿಯದನ್ನು ನಾಲಿಗೆಯ ತುದಿಯಲ್ಲೇ ಹಿಡಿದ. ಹೆಬ್ಬಾತಿನದನ್ನು ಬಾಯಿಗಿಡುವ ಮೊದಲು ವಾಸನೆಯಲ್ಲೇ ಹೇಳಿದ. ಜನ ಕೇಕೆ ಹಾಕಿದರು. ಮೀಸೆ ಇನ್ನೊಂದು ಸುತ್ತು ತಿರುಗಿತು.

ವ್ಯಾಪಾರಿ ಜಾಣ. "ಇನ್ನೊಂದು ಬಾಕಿ. ಬಾತಿನ ಮೊಟ್ಟೆ. ಅದನ್ನು ನೀನೇ ಹುಡುಕಬೇಕು. ತಿಂದು, ಆ ಬಾತು ಏನು ಮೇದು ಇಟ್ಟದ್ದು ಅಂತ ಹೇಳಬೇಕು" ಎಂದ. ಅದು ಬಾತುಗಳು ಗರಿ ಉದುರಿಸುವ ಕಾಲ, ಆಗ ಅವು ಮೊಟ್ಟೆ ಇಡುವುದಿಲ್ಲ. ಅದು ವ್ಯಾಪಾರಿಗೆ ಗೊತ್ತಿತ್ತು.

ಅಡಿಗೆಯವನು ಓಡಿದ. ಕುಯ್ಲಾದ ಗದ್ದೆಗಳಲ್ಲಿ ಬಾತು ಮೇಯಿಸುವವರ ಗುಡಿಸಲುಗಳಿದ್ದವು. ಒಂದೊಂದರ ಮುಂದೆಯೂ ನಿಂತು ಕೇಳಿದ. ಎಲ್ಲರೂ ತಲೆ ಅಲ್ಲಾಡಿಸಿದರು. ವ್ಯಾಪಾರಿ ಕತ್ತರಿ ಹಿಡಿದು ಹಿಂದೆಯೇ ಬರುತ್ತಿದ್ದ. ಹೊತ್ತು ಇಳಿಯುವಾಗ ಕೊನೆಯ ಗುಡಿಸಲು ಉಳಿದಿತ್ತು. ಅಲ್ಲಿ ಒಬ್ಬಳು ಮುದುಕಿ.

"ಅಜ್ಜಿ, ಒಂದೇ ಒಂದು ಬಾತಿನ ಮೊಟ್ಟೆ ಕೊಡು. ಇಲ್ಲದಿದ್ದರೆ ನನ್ನ ಮೀಸೆ ಹೋಯ್ತದೆ."

ಮುದುಕಿ ನಕ್ಕಳು. "ಹೋದ್ರೆ ಬೆಳೀತದೆ ಕಣ್ಮಗ, ಅದೇನು ಮೂಗಾ? ಹೊಟ್ಟೆಗೆ ಏನಾದ್ರೂ ಹಾಕ್ಕಂಡಿದ್ದೀಯಾ?"

"ಹಂಚಿನ ಮೇಲಿನ ನಾಲ್ಕು ತುತ್ತು. ಅಷ್ಟೇ."

ಮುದುಕಿ ಅವನ ಮುಖ ನೋಡಿದಳು. ಬೆವರು ಇಳಿಯುತ್ತಿತ್ತು, ತುಟಿ ಒಣಗಿತ್ತು. ಅವಳು ಗುಡಿಸಲ ಹಿಂದಕ್ಕೆ ಹೋದಳು. ಅಲ್ಲಿ ಒಂದು ಕೋಳಿ ಅರಚಿದ್ದು ಕೇಳಿಸಿತು. ಬರುವಾಗ ಅವಳ ಕೈಯಲ್ಲಿ ಮೊಟ್ಟೆಯಿತ್ತು.

ವ್ಯಾಪಾರಿ ಮತ್ತೆ ಕಣ್ಣು ಕಟ್ಟಿದ. ಮುದುಕಿ ಮೊಟ್ಟೆ ಒಡೆದು ಹುರಿದಳು, ಚೂರು ಮೆಣಸು ಕುಟ್ಟಿ ಹಾಕಿ, ಒಂದು ರಾಗಿ ಮುದ್ದೆಯ ಜೊತೆಗೆ ಮುಂದಿಟ್ಟಳು. ಅವನು ಬಾಯಿಗಿಟ್ಟ.

"ಬಾತಿನದೇ. ಗದ್ದೆಯ ಬಸವನಹುಳು ಮೇದು ಇಟ್ಟದ್ದು. ಉದುರಿದ ಭತ್ತವೂ ಬೆರೆತಿದೆ."

"ನಿಜ ಕಣಪ್ಪ" ಎಂದಳು ಮುದುಕಿ.

ಅಷ್ಟಕ್ಕೆ ಗೆದ್ದಿದ್ದ. ಆದರೆ ಅವನ ಬಾಯಿ ಅಷ್ಟಕ್ಕೆ ನಿಲ್ಲುವ ಬಾಯಿಯಾಗಿರಲಿಲ್ಲ. "ತಡೀರಿ, ಇನ್ನೂ ಹೇಳ್ತೀನಿ. ಈ ನಾಲಿಗೆ ಎಂಥದ್ದು ಅಂತ ಇವತ್ತು ಗೊತ್ತಾಗಲಿ. ಇದು ತಣ್ಣಗೆ ಇಟ್ಟಿದ್ದ ಮೊಟ್ಟೆ ಅಲ್ಲ. ಇದಕ್ಕೆ ಕಾವು ತಾಕಿದೆ. ನೆನ್ನೆ ರಾತ್ರಿ ಹೇಂಟೆಯೊಂದು ಇದರ ಮೇಲೆ ಕೂತಿತ್ತು! ಇದನ್ನು ಮರಿ ಮಾಡಿಸೋಕೆ..."

ಅಲ್ಲಿಗೆ ಮಾತು ನಿಂತಿತು. ತಾನು ಹೇಳಿದ್ದು ಅವನಿಗೇ ಕೇಳಿಸಿತು.

ಸಾಕಿದ ಬಾತು ತನ್ನ ಮೊಟ್ಟೆಗೆ ತಾನು ಕೂರುವುದು ಅಪರೂಪ. ಮೇಯಿಸುವವರು ಅದನ್ನು ಮಂಕರಿ ಬುಟ್ಟಿಯಲ್ಲಿ ಹೇಂಟೆಯ ಅಡಿಗೆ ಇಡುತ್ತಾರೆ. ಮುಂದಿನ ವರ್ಷದ ಹಿಂಡು ಆ ಮಂಕರಿಯೊಳಗೆ ಇರುತ್ತದೆ. ಹಳ್ಳಿಯಲ್ಲಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಕಣ್ಣಿನ ಬಟ್ಟೆ ಕಿತ್ತ. ಮುದುಕಿಯ ಮುಂಗೈ ನೋಡಿದ. ಹೇಂಟೆ ಕುಕ್ಕಿದ ಜಾಗದಲ್ಲಿ ರಕ್ತ ಒಸರಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

"ಯಾಕಜ್ಜಿ ಕೊಟ್ಟೆ? ನಾನು ಕೇಳಿದ್ದು ಬರೀ ಪಂದ್ಯಕ್ಕೆ."

"ಪಂದ್ಯ ಗಿಂದ್ಯ ನಂಗೇನು ಗೊತ್ತಪ್ಪ? ನೀನು ಹಸ್ಕಂಡು ಬಾಗಿಲಿಗೆ ಬಂದಿದ್ದೆ. ಮುದ್ದೆ ಆರೋಗ್ತದೆ, ಉಣ್ಣು."

ವ್ಯಾಪಾರಿ ರುಮಾಲು ಬಿಚ್ಚಿ ಅವನ ಕಾಲ ಬಳಿ ಇಟ್ಟ. ಅಡಿಗೆಯವನು ಅದನ್ನು ಎತ್ತಿ ವ್ಯಾಪಾರಿಯ ತಲೆಗೇ ಇಟ್ಟ. ಆಮೇಲೆ ತಟ್ಟೆಯ ಮುಂದೆ ಕೂತು, ಮುದುಕಿಯ ಆ ಕೈಗೆ ಕೈ ಮುಗಿದ. ಹಂಚಿನಲ್ಲಿ ಅಂಟಿದ್ದನ್ನೂ ಬಿಡದೆ ಉಂಡ. ಅಂಥ ರುಚಿ ಅವನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೀಸೆ ಉಳಿಯಿತು. ತಿರುವುವುದು ನಿಂತಿತು.

ಅವನು ಊರಿಗೆ ಹೋಗಲಿಲ್ಲ. ಹೇಂಟೆ ಕಾವು ಮುಗಿಸುವವರೆಗೂ ಮುದುಕಿಯ ಬಾತುಗಳನ್ನು ಗದ್ದೆಯಿಂದ ಗದ್ದೆಗೆ ಹೊಡೆದುಕೊಂಡು ಹೋದ. ಕೆಸರಲ್ಲಿ ಬಿದ್ದ, ಎದ್ದ. ಬಾತು ಅವನ ಮಾತು ಕೇಳಲಿಲ್ಲ. ಮುದುಕಿ ನೋಡಿ ನೋಡಿ ನಕ್ಕಳು. "ಹುರಿಯೋದು ಸುಲಭ, ಮೇಯಿಸೋದು ಕಷ್ಟ ಅಲ್ವಾ ಮಗ?" ಎಂದಳು. ಅವನೂ ನಕ್ಕ.

ಒಂದು ಬೆಳಿಗ್ಗೆ ಮಂಕರಿಯೊಳಗೆ ಚಿಪ್ಪು ಒಡೆದವು. ಮುದುಕಿ ಒಂದನ್ನು ಎತ್ತಿ ಅವನ ಅಂಗೈ ಮೇಲೆ ಇಟ್ಟಳು. ಕೊನೆಗೆ ಅವನಿಗೆ ಕೊಟ್ಟದ್ದು ಅದು. ಒಂದು ಹಳದಿ ಬಾತುಮರಿ.

ಉಸ್ತಾದರು ಕತೆ ನಿಲ್ಲಿಸಿದರು. ಜವರನ ಕೈಯಲ್ಲಿ ಮೊಟ್ಟೆ ತಣ್ಣಗಾಗಿತ್ತು.

"ಆ ಮರಿ ಏನಾಯ್ತು ಉಸ್ತಾದ್ರೆ? ಅದನ್ನೂ ಹುರಿದು ತಿಂದ್ನಾ?" ಎಂದ ಜವರ. ನಗಿಸಲೆಂದು ಕೇಳಿದ್ದ. ಹಿತ್ತಲ ದೊಡ್ಡಿಯಲ್ಲಿ ಬಾತುಗಳು ಕೂಗಿದವು.

"ಇಲ್ಲ ಕಣ್ಲಾ, ಸಾಕಿದ, ನಿನ್ನ ಕೈಲಿರೋದು ಅದರ ವಂಶದ್ದೇ."