ಸಾರಿಸಿದ ನೆಲದ ಮೇಲಿನ ಇರುವೆ

ಒಂದು ಇರುವೆ ಇತ್ತು. ಅದರ ಜಂಬ ಕೇಳಿದರೆ ಆನೆಯೂ ಸೊಂಡಿಲು ಮಡಚಿಕೊಳ್ಳಬೇಕು! “ಈ ಮನೆಯ ದಾರಿಯೆಲ್ಲ ನನ್ನ ತಲೆಯೊಳಗಿದೆ,” ಎನ್ನುತ್ತ ಅದು ಸಕ್ಕರೆ ಹರಳು ಹೊತ್ತು ಗೂಡಿಗೆ ಹೊರಟಿತು. ಅಷ್ಟರಲ್ಲಿ ಮನೆಯೊಡತಿ ಅಡುಗೆಮನೆಯ ನೆಲವನ್ನು ಸಗಣಿಯಿಂದ ಸಾರಿಸಿಬಿಟ್ಟಳು. ಬರುವಾಗ ಇರುವೆ ಬಿಟ್ಟುಬಂದಿದ್ದ ವಾಸನೆಯ ಗೆರೆ ಅಳಿಸಿಹೋಯಿತು. ದಿನವೂ ನಡೆದ ನೆಲವೇ ಗುರುತು ಸಿಗದೆ ಅದು ನಿಂತಲ್ಲೇ ಗಿರಗಿರ ಸುತ್ತತೊಡಗಿತು.

ಗೋಡೆಯಿಂದ ಹಲ್ಲಿ ಮೆಲ್ಲನೆ ಇಳಿಯಿತು. “ಏನು ತಂಗಿ, ದಾರಿ ತಲೆಯೊಳಗಿತ್ತಲ್ಲ?”

ಭಯಕ್ಕೆ ಕಣ್ಣು ಕತ್ತಲಿಟ್ಟಿದ್ದ ಇರುವೆಗೆ ಮಾತಾಡಿದ್ದು ಯಾರೆಂದೂ ತಿಳಿಯಲಿಲ್ಲ. “ತಲೆಯೊಳಗಲ್ಲ ಅಣ್ಣಾ, ನೆಲದ ಮೇಲಿತ್ತು! ನನ್ನ ಗೂಡೆಲ್ಲಿ, ಹೇಳು!”

“ಇಗೋ, ಈ ಕತ್ತಲೊಳಗೆ ನುಗ್ಗು,” ಎಂದು ಹಲ್ಲಿ ಬಾಯಿ ತೆರೆಯಿತು.

ಇರುವೆ ಮೂಸಿ ನೋಡಿತು. ಎಲ್ಲೆಲ್ಲೂ ಸಗಣಿಯದೇ ವಾಸನೆ, ಹಲ್ಲಿಯ ವಾಸನೆ ಅದರಡಿ ಮುಚ್ಚಿಹೋಗಿತ್ತು. ಕತ್ತಲಿದೆಯಲ್ಲ, ಗೂಡೇ ಇರಬೇಕೆಂದು ಒಳಗೆ ಕಾಲಿಟ್ಟಿತು.