ಅಳತೆಯ ಪುಸ್ತಕ

"ಬುದ್ಧಿ, ಜನ ತಾವಾಗಿಯೇ ಬರೆದು ಕೊಟ್ಟದ್ದು ನನ್ನದೇ ತಾನೇ? ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ತಪ್ಪೇನು?"

ಮರುಳಸಿದ್ಧ ಹೀಗೆ ಕೇಳಿದಾಗ ಮಠದ ಹಿರಿಯ ಸ್ವಾಮಿಗಳು ಜಗಲಿಯ ಮೇಲೆ ಕುಳಿತು ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ಮರುಳಸಿದ್ಧ ಮಠದ ಶಿಷ್ಯ. ಸಿರಿಧಾನ್ಯದ ಹಿಟ್ಟು ಮಾಡಿ ಮಾರುತ್ತಾನೆ. ಅವನ ಅಂಗಡಿ ಎಂದರೆ ಒಂದು ವೆಬ್‌ಸೈಟು, ಮನೆಯ ಹಿಂದೆ ಒಂದು ಗಿರಣಿ, ಅಷ್ಟೇ. ವೆಬ್‌ಸೈಟಿಗೆ ಬಂದವರು ಹೆಸರು, ಫೋನ್ ನಂಬರು, ವಿಳಾಸ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ, ಮನೆಯಲ್ಲಿ ಯಾರಿಗೆ ಏನು ತೊಂದರೆ ಎಂದು. ಸಕ್ಕರೆ ಕಾಯಿಲೆ, ರಕ್ತ ಕಡಿಮೆ, ಮಕ್ಕಳಾಗಿಲ್ಲ, ಹೀಗೆ ಜನ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಅದನ್ನು ನೋಡಿ ಅವನು ತಕ್ಕ ಹಿಟ್ಟು ಕಳಿಸುತ್ತಾನೆ. ಈಗ ಔಷಧಿ ಮಾರುವವರೊಬ್ಬರು ಆ ಪಟ್ಟಿಯನ್ನು ಕೇಳಿದ್ದಾರೆ. ಕೊಟ್ಟರೆ ತಮ್ಮ ಜಾಹೀರಾತಿನಲ್ಲಿ ಇವನ ಹಿಟ್ಟಿನ ಹೆಸರನ್ನೂ ಹಾಕುತ್ತಾರಂತೆ.

"ಇದನ್ನು ಏನು ಮಾಡುತ್ತೀಯ ಅಂತ ಬಂದವರಿಗೆ ಹೇಳಿದ್ದೀಯೇನು?" ಎಂದರು ಸ್ವಾಮಿಗಳು.

"ಪುಟದ ಕೆಳಗೆ ಬರೆದಿದೆ ಬುದ್ಧಿ. ಸೈಟು ಮಾಡಿಕೊಟ್ಟವನು ಬೇರೆ ಎಲ್ಲಿಂದಲೋ ತಂದು ಅಂಟಿಸಿದ. ಅದರಲ್ಲಿ ಏನಿದೆ ಅಂತ ನಾನೇ ಓದಿಲ್ಲ. ತೀರ ಸಣ್ಣ ಅಕ್ಷರ."

"ಭೇಷ್! ಬರೆಸಿದವನು ಓದಿಲ್ಲ, ಬರೆದವನು ಯಾರೋ ಗೊತ್ತಿಲ್ಲ. ಓದಬೇಕಾದವರಿಗೆ ಕಣ್ಣಿಗೆ ಕಾಣುವುದಿಲ್ಲ. ಕೂತುಕೋ. ನಾಲ್ಕು ಕಾಯಿ ನೀನೂ ಸುಲಿ."

ಮರುಳಸಿದ್ಧ ಕುಳಿತ. ಸ್ವಾಮಿಗಳು ಹೇಳತೊಡಗಿದರು.

ಒಂದೂರಿನಲ್ಲಿ ರವಿಕೆ ಹೊಲಿಯುವ ಒಬ್ಬ ಹೆಂಗಸಿದ್ದಳು. ಊರಿನ ಹೆಸರು ಬೇಡ, ಅವಳ ಹೆಸರೂ ಬೇಡ. ಹೆಸರು ಹೇಳಿಬಿಟ್ಟರೆ ಕತೆ ಹೇಳುವ ನಾನೂ ಅವಳು ಮಾಡಿದ ತಪ್ಪನ್ನೇ ಮಾಡಿದ ಹಾಗಾಗುತ್ತದೆ.

ಬೇರೆ ದರ್ಜಿಗಳ ಹತ್ತಿರ ಹೆಂಗಸರು ಹಳೆಯ ರವಿಕೆಯೊಂದನ್ನು ತಂದು ಕೊಟ್ಟು, ಇದರ ಹಾಗೇ ಹೊಲಿ ಎಂದು ಹೇಳಿ ಹೋಗುತ್ತಾರೆ. ಇವಳು ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ. "ಹಳೇ ರವಿಕೆ ಹೋದ ವರ್ಷದ ಮೈಗೆ ಹೊಲಿದದ್ದು ಕಣಮ್ಮ. ನಾನು ಹೊಲಿಯಬೇಕಾದ್ದು ಈ ವರ್ಷದ ಮೈಗೆ. ಬಾ, ಕೈ ಎತ್ತಿ ನಿಂತ್ಕೋ" ಎನ್ನುತ್ತಿದ್ದಳು. ಪರದೆಯ ಹಿಂದೆ ನಿಲ್ಲಿಸಿ, ಟೇಪು ಹಿಡಿದು, ಪ್ರತಿ ಸಲವೂ ಹೊಸದಾಗಿ ಅಳೆಯುತ್ತಿದ್ದಳು. ಅಳೆದದ್ದನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರು, ಮನೆ, ತಾರೀಕು, ಇಂಚು. ಪಕ್ಕದಲ್ಲಿ ಒಂದೆರಡು ಮಾತು. ಬಾಣಂತಿ, ಸಡಿಲ ಇರಲಿ. ಎಡಭುಜ ಇಳಿದಿದೆ. ಬೆನ್ನಿನಲ್ಲಿ ಸುಟ್ಟ ಗಾಯ, ಕುತ್ತಿಗೆ ಮೇಲಕ್ಕೆ.

ಬರೆದದ್ದು ತಪ್ಪೇ? ಅಲ್ಲಪ್ಪ. ಹಾಗೆ ಬರೆದಿಟ್ಟದ್ದಕ್ಕೇ ಅವಳ ರವಿಕೆ ಮೈಗೆ ಹಾಗೆ ಕೂರುತ್ತಿತ್ತು. ಹತ್ತು ವರ್ಷ ಯಾವ ಸಮಾರಂಭಕ್ಕೂ ಹೋಗದಿದ್ದ ಸುಟ್ಟ ಗಾಯದವಳು ತಂಗಿಯ ಮದುವೆಗೆ ಹೋಗಿ ಎಲ್ಲರ ನಡುವೆ ನಿಂತಳು. ಅದು ಇವಳ ಕೈಗುಣ. ಜೊತೆಗೆ ಇವಳದು ಬಿಗಿ ಬಾಯಿ. ಊರ ಹೆಂಗಸರ ಸುಖ ದುಃಖವೆಲ್ಲ ಟೇಪಿನ ಹಿಂದೆ ಬಂದು ಇವಳ ಕಿವಿಗೆ ಬೀಳುತ್ತಿತ್ತು, ಒಂದೇ ಒಂದು ಮಾತು ಆಚೆ ಹೋಗುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತೆನ್ನು.

ಒಂದು ದಿನ ಒಬ್ಬ ತಾಯಿ ನಾಲ್ಕು ರವಿಕೆ ಹಿಡಿದುಕೊಂಡು ಬಂದಳು. ಗಂಡ ತೀರಿಕೊಂಡಿದ್ದ, ಇರುವವಳು ಒಬ್ಬಳೇ ಮಗಳು. ಮಗಳಿಗೆ ಗಂಡು ಗೊತ್ತಾಗಿತ್ತು. "ಸಡಿಲ ಆಗಿವೆ, ಇವನ್ನು ಸ್ವಲ್ಪ ಹಿಡಿದು ಕೊಡು" ಎಂದಳು. ದರ್ಜಿ ಅಳೆಯಲು ನಿಂತಳು. ಆ ತಾಯಿಗೆ ಬಲಗೈ ಮೇಲಕ್ಕೆ ಏಳಲಿಲ್ಲ. ಹಲ್ಲು ಕಚ್ಚಿ ಎತ್ತಿ, ಕಣ್ಣು ಮುಚ್ಚಿ ನಿಂತಳು. ಹಳೆಯ ಪುಟ ತೆಗೆದು ನೋಡಿದರೆ ಎರಡು ಇಂಚು ಕಡಿಮೆ. ಬಲಗೈ ಏಳುವುದಿಲ್ಲ ಎಂದು ಪಕ್ಕದಲ್ಲಿ ಬರೆದುಕೊಂಡಳು. ಮುಂದಿನ ತಿಂಗಳು ಬಂದಳು, ಇನ್ನೊಂದು ಇಂಚು ಇಳಿದಿತ್ತು. ಅದರ ಮುಂದಿನ ತಿಂಗಳು ಮತ್ತೊಂದು.

ಮೂರನೆಯ ಸಲ ಅವಳೇ ಬಾಯಿ ಬಿಟ್ಟಳು. ಡಾಕ್ಟರು ಕಾಯಿಲೆಯ ಹೆಸರು ಹೇಳಿ ಆಗಿತ್ತು. "ಮಗಳಿಗೆ ಗೊತ್ತಿಲ್ಲ. ಗೊತ್ತಾದರೆ ಮದುವೆ ನಿಲ್ಲಿಸಿ ನನ್ನ ಮಂಚದ ಪಕ್ಕ ಕೂತುಬಿಡ್ತಾಳೆ. ಅವಳ ಕೊರಳಿಗೆ ತಾಳಿ ಬೀಳೋದನ್ನ ನಾನು ಕಣ್ಣಾರೆ ನೋಡಬೇಕು. ಆಮೇಲೆ ನಾನೇ ಹೇಳ್ತೀನಿ. ನನ್ನ ಬಾಯಿಂದಲೇ ಅವಳು ಕೇಳಬೇಕು. ಅಲ್ಲಿವರೆಗೆ ರವಿಕೆ ಮೈಮೇಲೆ ಜೋತು ಬೀಳದ ಹಾಗೆ ನೋಡ್ಕೊಳ್ಳಮ್ಮ."

ದರ್ಜಿ ಆಗಲಿ ಎಂದಳು. ಮದುವೆಗೆ ತಾನು ಉಡುವ ರೇಷ್ಮೆ ಸೀರೆಯ ರವಿಕೆಯ ಬಟ್ಟೆಯನ್ನೂ ಅವತ್ತೇ ಕೊಟ್ಟ ತಾಯಿ, ಬಾಗಿಲವರೆಗೆ ಹೋಗಿ ತಿರುಗಿ ಬಂದಳು. "ಹೊಲಿಗೆ ಒಳಗಡೆ ಮಿಕ್ಕ ಬಟ್ಟೆ ಕತ್ತರಿಸಬೇಡ. ಹಾಗೇ ಬಿಡು. ಮತ್ತೆ ಮೈ ತುಂಬಿಕೊಂಡರೆ ಬಿಚ್ಚಿಸಿಕೊಳ್ತೀನಿ" ಎಂದು ಹೇಳಿ ಹೋದಳು.

ಮನುಷ್ಯರ ಆಸೆ ನೋಡು.

ಆ ಹೊತ್ತಿಗೆ ಪಕ್ಕದ ಮಳಿಗೆಗೆ ಒಬ್ಬ ಲೇಹ್ಯದ ವ್ಯಾಪಾರಿ ಬಂದ. ಶಕ್ತಿಗೆ, ರಕ್ತಕ್ಕೆ, ಬಾಣಂತಿಯರಿಗೆ ಎಂದು ನಾನಾ ಬಗೆಯ ಲೇಹ್ಯ. ಅವನು ಕೆಟ್ಟವನೆಂದು ತಿಳಿಯಬೇಡ. ಮಾತು ಮೆದು, ಎದುರಿಗೆ ಸಿಕ್ಕರೆ ಅಕ್ಕ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಬಂದು ಕೇಳಿದ.

"ಅಕ್ಕಾ, ನಿಮ್ಮ ಅಳತೆ ಪುಸ್ತಕ ಒಂದು ದಿನ ಕೊಡಿ. ಯಾರು ಸೊರಗಿದ್ದಾರೆ, ಯಾರು ಬಾಣಂತಿ ಅಂತ ತಿಳಿದರೆ ಬೇಕಾದವರಿಗೆ ಮಾತ್ರ ಲೇಹ್ಯ ತೋರಿಸ್ತೀನಿ. ಬೇಡದವರ ಮನೆಗೆ ಹೋಗಿ ತಲೆ ತಿನ್ನೋದು ತಪ್ಪುತ್ತೆ. ನನ್ನ ಕೈಚೀಲದ ಮೇಲೆಲ್ಲ ನಿಮ್ಮ ಅಂಗಡಿ ಹೆಸರು ಹಾಕಿಸ್ತೀನಿ."

ದರ್ಜಿ ಯೋಚಿಸಿದಳು. ಯಾರ ಗುಟ್ಟನ್ನೂ ನಾನು ಹೇಳುತ್ತಿಲ್ಲವಲ್ಲ, ಇರುವುದು ಬರೀ ಇಂಚು ಎಂದುಕೊಂಡಳು. ಪಾಪ, ಸೊರಗಿದವರಿಗೆ ಒಳ್ಳೆಯದೇ ಆಗಲಿ ಎಂದೂ ಅಂದುಕೊಂಡಳು. ಒಂದು ಮಾತು ಅವರನ್ನು ಕೇಳಿ ಕೊಡಲೇ ಎಂಬ ಯೋಚನೆಯೂ ಬಂತು. ಕೇಳಿದರೆ ಯಾರಾದರೂ ಬೇಡ ಎಂದುಬಿಟ್ಟಾರು ಎನ್ನಿಸಿತು. ಅದಕ್ಕೇ ಕೇಳಲಿಲ್ಲ.

ಈ ಜಾಗ ಸರಿಯಾಗಿ ಕೇಳಿಸಿಕೋ ಮರುಳಸಿದ್ಧ. ಬೇಡ ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಪುಸ್ತಕ ಕೊಟ್ಟಳು.

ಪುಸ್ತಕ ಮಾರನೆಯ ದಿನವೇ ವಾಪಸು ಬಂತು. ಒಂದು ಹಾಳೆ ಹರಿದಿರಲಿಲ್ಲ, ಒಂದು ಕಲೆ ಆಗಿರಲಿಲ್ಲ. ಅವಳು ಅದನ್ನು ಎಂದಿನ ಜಾಗದಲ್ಲಿಟ್ಟು ಹೊಲಿಗೆಗೆ ಕೂತಳು.

ಎಂಟು ದಿನ ಕಳೆಯಿತು. ಆ ತಾಯಿಯ ಮನೆಯಲ್ಲಿ ಲಗ್ನಪತ್ರಿಕೆ ಬರೆಸುವ ದಿನ. ಬೀಗರು ಬಂದು ಚಾಪೆಯ ಮೇಲೆ ಕೂತಿದ್ದರು, ಪುರೋಹಿತರು ಪಂಚಾಂಗ ಬಿಚ್ಚಿದ್ದರು. ತಾಯಿ ಒಳಗಿನಿಂದ ಕಾಫಿಯ ತಟ್ಟೆ ತರುತ್ತಿದ್ದಳು. ಬಾಗಿಲಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ಲೇಹ್ಯದವನ ಆಳು. ಕೈಮುಗಿದ, ನಕ್ಕ. ಬೀಗರ ಎದುರಿಗೆ, ಮಗಳ ಎದುರಿಗೆ ಹೇಳಿದ.

"ನಮಸ್ಕಾರ ಅಮ್ಮಾ. ಮೂರು ತಿಂಗಳಲ್ಲಿ ನಾಲ್ಕು ಇಂಚು ಇಳಿದುಬಿಟ್ಟಿದ್ದೀರಂತೆ. ಬಲಗೈ ಬೇರೆ ಎತ್ತೋಕಾಗಲ್ವಂತೆ. ಹೆದರಬೇಡಿ. ನಮ್ಮ ಲೇಹ್ಯ ಒಂದು ಮಂಡಲ ತಗೊಳ್ಳಿ."

ಮಗಳು ತಾಯಿಯ ಕಡೆ ತಿರುಗಿದಳು. ದಿನಾ ಒಂದೇ ಮನೆಯಲ್ಲಿದ್ದು ಕಾಣದೇ ಹೋದದ್ದು ಅವಳಿಗೆ ಆ ಕ್ಷಣದಲ್ಲಿ ಕಂಡಿತು. ತೋಳು ಕಂಡಿತು, ಕೊರಳ ಮೂಳೆ ಕಂಡಿತು. ಎಡಗೈಯೊಂದರಲ್ಲೇ ತಟ್ಟೆ ಹಿಡಿದು ನಿಂತದ್ದು ಕಂಡಿತು. "ಏನಮ್ಮ ಇದು?" ಎಂದಳು. ತಾಯಿ ಏಕಾಂತದಲ್ಲಿ ಮಗಳ ತಲೆ ನೇವರಿಸುತ್ತಾ ಹೇಳಬೇಕೆಂದು ಎತ್ತಿಟ್ಟುಕೊಂಡಿದ್ದ ಮಾತನ್ನು, ಕಾಫಿ ಆರುತ್ತಿದ್ದ ಹಾಗೆ, ಹೊರಗಿನವರ ನಡುವೆ ನಿಂತು ಹೇಳಬೇಕಾಯಿತು.

ಬೀಗರು ಒಳ್ಳೆಯ ಜನ. ಸಂಬಂಧ ಮುರಿಯಲಿಲ್ಲ. ಮದುವೆ ನಿಲ್ಲಿಸಿದವಳು ಮಗಳೇ. ಅಮ್ಮ ಹುಷಾರಾಗುವ ತನಕ ಲಗ್ನದ ಮಾತು ಬೇಡವೆಂದಳು. ತಾಯಿ ಅತ್ತಳು, ಬೈದಳು, ಕಾಲು ಹಿಡಿಯಲೂ ಹೋದಳು. ಮಗಳು ಜಗ್ಗಲಿಲ್ಲ. ಮಂಚದ ಪಕ್ಕ ಕೂತುಬಿಟ್ಟಳು.

ಸುದ್ದಿ ದರ್ಜಿಯ ಕಿವಿಗೆ ಬಿತ್ತು. ಲೇಹ್ಯದವನ ಮಳಿಗೆಗೆ ಓಡಿದಳು. ಏನಯ್ಯಾ ಮಾಡಿಬಿಟ್ಟೆ ಎಂದು ಕೂಗಾಡಿದಳು. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಪುಸ್ತಕ ವಾಪಸು ಕೊಟ್ಟೆನಲ್ಲಕ್ಕಾ ಎಂದ. ಅದರಲ್ಲಿದ್ದುದನ್ನೆಲ್ಲ ಬರೆಸಿಕೊಂಡಿದ್ದ. ಬರೆಸಿಕೊಂಡದ್ದನ್ನು ಇನ್ನೂ ಮೂರು ಊರಿನಲ್ಲಿ ಅಂಗಡಿ ಇಟ್ಟಿದ್ದ ತನ್ನ ಭಾವಮೈದುನರಿಗೆ ಕಳಿಸಿಯೂ ಆಗಿತ್ತು. ಅವಳು ಮನೆಗೆ ಬಂದು ಆ ತಾಯಿಯ ಪುಟವನ್ನು ಕಿತ್ತು ಒಲೆಗೆ ಹಾಕಿದಳು. ಕಾಗದ ಉರಿದುಹೋಯಿತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ರೇಷ್ಮೆ ರವಿಕೆ ಹೊಲಿದು ಮುಗಿದಿತ್ತು. ಅದನ್ನು ಹಿಡಿದು ಆ ಮನೆಗೆ ಹೋದಳು. ಬೈಸಿಕೊಳ್ಳೋಣ ಎಂದೇ ಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ತಾಯಿ, ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಪುಸ್ತಕ ಒಂದು ಕೊಟ್ಟೆ" ಎಂದು ಮಂಚದ ಕಾಲು ಹಿಡಿದು ಅತ್ತಳು.

ತಾಯಿ ಬೈಯಲಿಲ್ಲ. "ನಿನ್ನ ಕೈಯಲ್ಲಿ ಟೇಪಿತ್ತು, ಪುಸ್ತಕ ಇತ್ತು. ಬಾಯಿ, ಪುಸ್ತಕ ಎಲ್ಲಾ ನೀನೇ ಅಂದ್ಕೊಂಡಿದ್ದೆ ಕಣಮ್ಮ" ಎಂದಳು. ಆಮೇಲೆ ರವಿಕೆಯನ್ನು ತಿರುವಿ ಒಳಹೊಲಿಗೆ ನೋಡಿದಳು. ಅಲ್ಲಿ ಬಟ್ಟೆ ಹಾಗೇ ಮಡಿಸಿಟ್ಟಿತ್ತು. "ಇದನ್ನು ಇನ್ನು ಕತ್ತರಿಸಿಬಿಡು. ಬೇಕಾಗಲ್ಲ" ಎಂದು ವಾಪಸು ಕೊಟ್ಟಳು.

ದರ್ಜಿ ಕತ್ತರಿಸಲಿಲ್ಲ. ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟಳು. ಮೊದಲು ಗೊತ್ತುಮಾಡಬೇಕೆಂದಿದ್ದ ಲಗ್ನದ ದಿನ ಬಂದು ಹೋಯಿತು. ಅದಾಗಿ ಇಪ್ಪತ್ತು ದಿನಕ್ಕೆ ತಾಯಿ ತೀರಿಕೊಂಡಳು. ತಾಳಿ ನೋಡಲಿಲ್ಲ. ಎಲ್ಲ ಸುಸೂತ್ರವಾಗಿದ್ದರೆ ನೋಡಿಯೇ ಹೋಗುತ್ತಿದ್ದಳು.

ಸ್ವಾಮಿಗಳು ಕೈಯಲ್ಲಿದ್ದ ಕಾಯಿಯನ್ನು ಸುಲಿಯದೇ ಮೊರಕ್ಕೆ ಹಾಕಿದರು. ಮುಂದಿನದನ್ನು ಹೇಳಿದರು.

ವರುಷ ಕಳೆದ ಮೇಲೆ ಮಗಳ ಮದುವೆ ಅದೇ ಗಂಡಿನ ಜೊತೆಗೇ ಗೊತ್ತಾಯಿತು. ಮಗಳು ದರ್ಜಿಯ ಅಂಗಡಿಗೆ ಬಂದಳು. "ಅಮ್ಮನ ರೇಷ್ಮೆ ರವಿಕೆ ನಿಮ್ಮ ಹತ್ತಿರ ಉಳಿದಿದೆಯಂತೆ. ಧಾರೆಗೆ ಅದನ್ನೇ ಹಾಕ್ಕೋತೀನಿ. ನನಗೆ ಆಗೋ ಹಾಗೆ ಬಿಚ್ಚಿಕೊಡಿ" ಎಂದಳು. ದರ್ಜಿ ಪೆಟ್ಟಿಗೆ ತೆಗೆದಳು. ಒಳಗೆ ಬಿಟ್ಟ ಬಟ್ಟೆ ಇತ್ತು, ಹುಡುಗಿಗೆ ಧಾರಾಳವಾಗಿ ಸಾಕಾಗುತ್ತಿತ್ತು. ದರ್ಜಿ ಟೇಪು ಕೈಗೆ ತೆಗೆದುಕೊಂಡು, "ಬಾ ತಾಯಿ, ಪರದೆ ಹಿಂದೆ ನಿಂತ್ಕೋ" ಎಂದಳು.

ಹುಡುಗಿ ನಿಂತಲ್ಲಿಂದ ಕದಲಲಿಲ್ಲ. ಚೀಲದಿಂದ ತನ್ನ ಹಳೆಯ ರವಿಕೆಯೊಂದನ್ನು ತೆಗೆದು ಹಲಗೆಯ ಮೇಲಿಟ್ಟಳು. "ಅಳತೆ ಇದರಲ್ಲೇ ನೋಡ್ಕೊಳ್ಳಿ" ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ.

ಅಷ್ಟರಲ್ಲಾಗಲೇ ಆ ಊರಿನ ಹೆಂಗಸರೆಲ್ಲ ಹಳೆಯ ರವಿಕೆಯನ್ನೇ ತರುತ್ತಿದ್ದರು. ಅವಳ ಪರದೆಯ ಹಿಂದೆ ಯಾರೂ ನಿಲ್ಲುತ್ತಿರಲಿಲ್ಲ. ಸುಟ್ಟ ಗಾಯದವಳು ಬರುವುದನ್ನೇ ಬಿಟ್ಟಳು. ದರ್ಜಿಯ ಕೈ ಅದೇ, ಕತ್ತರಿ ಅದೇ, ಮಿಷನ್ನೂ ಅದೇ. ರವಿಕೆ ಮಾತ್ರ ಮೊದಲಿನ ಹಾಗೆ ಕೂರುತ್ತಿರಲಿಲ್ಲ.

ಕತೆ ಮುಗಿಯಿತು. ಮರುಳಸಿದ್ಧನಿಗೆ ತನ್ನ ವೆಬ್‌ಸೈಟಿನಲ್ಲಿ ಯಾರೋ ಒಬ್ಬಾಕೆ ಮದುವೆಯಾಗಿ ಆರು ವರ್ಷವಾಯಿತು, ಮಕ್ಕಳಾಗಿಲ್ಲ ಎಂದು ಬರೆದು ಕೆಳಗೆ ಏನೇನೋ ಬರೆದದ್ದು ನೆನಪಾಯಿತು. ಆದರೂ ಒಂದು ಮಾತು ಕೇಳಿಬಿಡೋಣ ಎಂದು ಬಾಯಿ ತೆರೆದ.

"ಅವಳ ಮುಂದೆ ಜನ ಬಂದು ನಿಲ್ಲುತ್ತಿದ್ದರು ಬುದ್ಧಿ. ಮುಖ ಕಾಣುತ್ತಿತ್ತು. ನನ್ನದು ಬರೀ ವೆಬ್‌ಸೈಟು. ಅಲ್ಲಿ ಯಾರು ಬಂದು ನಿಲ್ಲುತ್ತಾರೆ?"

ಸ್ವಾಮಿಗಳು ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅಲ್ಲೂ ಕೈ ಎತ್ತಿಯೇ ನಿಂತಿರುತ್ತಾರಪ್ಪ, ನಿನಗೆ ಕಾಣುವುದಿಲ್ಲ ಅಷ್ಟೆ."

ಮರುಳಸಿದ್ಧ ಫೋನು ತೆಗೆದು ಪುಟದ ಕೆಳಗಿನ ಸಣ್ಣ ಅಕ್ಷರ ಓದತೊಡಗಿದ.