ಅವ್ವನ ಪಕ್ಕದ ಫೋನು

ಜಾಣನಿಲ್ಲದ ಕೇರಿ ಉಂಟು, ಪೆದ್ದನಿಲ್ಲದ ಕೇರಿ ಇಲ್ಲ. ಹಪ್ಪಳ ಸಂಡಿಗೆ ಮಾಡಿ ಬದುಕುವ ಶಿವನಂಜಮ್ಮನ ಕೇರಿಗೆ ಅವಳ ಮಗ ಗುರುಮಲ್ಲನೇ ಪೆದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ನಾನು ಹೋದ ಮೇಲೆ ಇವನಿಗೆ ಅನ್ನ ಯಾರಿಕ್ತಾರೆ" ಅಂತ ಅವಳು ಕಂಡಕಂಡವರ ಹತ್ತಿರ ಅನ್ನುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯಲ್ಲಿ ಅವಳ ಎದೆಯೊಳಗೆ ಪೇಸ್‌ಮೇಕರ್ ಇಟ್ಟರು. ನರ್ಸಮ್ಮ ಒಂದು ಫೋನು ತಂದು ಗುರುಮಲ್ಲನ ಕೈಗೆ ಕೊಟ್ಟಳು.

"ಅಮ್ಮನ ಎದೆಯ ಸಮಾಚಾರವನ್ನ ಇದು ನಮಗೆ ತಿಳಿಸ್ತಾ ಇರುತ್ತೆ ಕಣಪ್ಪ. ಏರುಪೇರಾದರೆ ನಾವೇ ಫೋನ್ ಮಾಡ್ತೀವಿ. ಇದು ಯಾವಾಗಲೂ ಅಮ್ಮನ ಪಕ್ಕದಲ್ಲೇ ಇರಬೇಕು. ಚಾರ್ಜು ಹೋಗಬಾರದು."

"ಪಕ್ಕದಲ್ಲೇ ಇರಬೇಕು, ಚಾರ್ಜು ಹೋಗಬಾರದು," ಅಂದ ಗುರುಮಲ್ಲ.

ಮನೆಗೆ ಬಂದ ಮೇಲೆ ಅವ್ವ ಅಂದಳು, "ಕೊರಳ ಲಿಂಗವನ್ನ ಹೇಗೆ ನೋಡ್ಕೋತೀಯೋ ಹಾಗೇ ನೋಡ್ಕೋ, ಮಗ."

ಬೆಳಿಗ್ಗೆ ಎದ್ದ. ಲಿಂಗಕ್ಕೆ ನೀರೆರೆದ, ಫೋನಿಗೂ ನೀರೆರೆದ. ಲಿಂಗಕ್ಕೆ ವಿಭೂತಿ ಹಚ್ಚಿದ, ಫೋನಿಗೂ ಹಚ್ಚಿದ. ಫೋನು ಕಣ್ಣು ಮುಚ್ಚಿತು.

ರಿಪೇರಿಯವನು ಅದಕ್ಕೆ ಜೀವ ಬರಿಸಿದ. ಒಳಗಿದ್ದ ಹೆಸರುಗಳೆಲ್ಲ ಅಳಿಸಿಹೋಗಿದ್ದವು.

"ಮಂಕೇ, ಫೋನಿಗೆ ಯಾರಾದರೂ ಸ್ನಾನ ಮಾಡಿಸ್ತಾರೇನೋ? ಒಣಗಿದ ಕಡೆ ಇಡು," ಅಂದಳು ಅವ್ವ.

ಒಣಗಿದ ಕಡೆ ಅಂದರೆ ತಾರಸಿ. ಸಂಡಿಗೆಯ ಸಾಲಿನಲ್ಲಿ ಫೋನನ್ನೂ ಇಟ್ಟು, ಕೋಲು ಹಿಡಿದು ಕಾಗೆ ಕಾದ. ಫೋನು ಕೂಗಿತು.

"ಅಮ್ಮನ ಸಮಾಚಾರವೇ ಬರ್ತಿಲ್ಲವಲ್ಲಪ್ಪ?" ಅಂದಳು ನರ್ಸಮ್ಮ.

"ಅವ್ವ ಕೆಳಗವಳೆ. ಫೋನು ಮೇಲೈತೆ. ಚೆನ್ನಾಗಿ ಒಣಗ್ತಾ ಐತೆ."

"ಅಯ್ಯೋ ದೇವರೇ. ಅಮ್ಮನ ದಿಂಬಿನ ಪಕ್ಕ ಇಡು. ಅಲ್ಲಿಂದ ತೆಗೀಬೇಡ."

ಇಟ್ಟ. ತೆಗೆಯಲಿಲ್ಲ. ಒಂದು ದಿನ ಅಲ್ಲೇ ಕೂಗಿತು. ನಾವು ಬ್ಯಾಂಕಿನವರು ಅಂದರು. ಅವರು ಕೇಳಿದ್ದಕ್ಕೆಲ್ಲ ಇವನು ಹೇಳಿದ. ಸಂಡಿಗೆ ಮಾರಿ ಕೂಡಿಟ್ಟಿದ್ದೆಲ್ಲ ಹೋಯಿತು.

ಅವ್ವ ಹಣೆ ಹಣೆ ಚಚ್ಚಿಕೊಂಡಳು. "ಹೆಸರು ತೋರಿಸದ ಫೋನು ಎತ್ತಬೇಡವೋ. ನನ್ನ ಪ್ರಾಣ ಹೋದರೂ ಎತ್ತಬೇಡ."

"ಎತ್ತಲ್ಲ ಕಣವ್ವ."

ಆಮೇಲೊಂದು ಮಧ್ಯಾಹ್ನ ಹಪ್ಪಳದ ಹಿಟ್ಟು ನಾದುತ್ತಿದ್ದವಳು ಕೈ ಒರೆಸಿಕೊಂಡಳು. "ಯಾಕೋ ಸುಸ್ತು, ಮಗ. ಒಂದು ಗಳಿಗೆ ಮಲಗ್ತೀನಿ."

ಮಲಗಿದಳು. ಸ್ವಲ್ಪ ಹೊತ್ತಿಗೆ ಫೋನು ಕೂಗಿತು. ಹೆಸರಿಲ್ಲ, ಬರೀ ನಂಬರು. ನಿಂತಿತು. ಮತ್ತೆ ಕೂಗಿತು. ಗುರುಮಲ್ಲ ಕೈಕಟ್ಟಿ ಕೂತ. "ನಾನೇನು ಪೆದ್ದನಾ?" ಅಂದ ಫೋನಿಗೆ. ಅವ್ವನ ಕೈ ಮಂಚದಿಂದ ಜಾರಿತು. ಎತ್ತಿ ಫೋನಿನ ಪಕ್ಕ ಇಟ್ಟ.

ಸಂಜೆ ಪಕ್ಕದ ಮನೆ ಚೆನ್ನಾಜಮ್ಮ ಬಂದಾಗಲೂ ಕೂಗುತ್ತಲೇ ಇತ್ತು. ಅವಳು ಎತ್ತಿದಳು.

"ಮಧ್ಯಾಹ್ನದಿಂದ ಮಾಡ್ತಾ ಇದ್ದೀವಿ," ಅಂದಳು ನರ್ಸಮ್ಮ. "ಯಾಕೆ ಎತ್ತಲಿಲ್ಲ?"

ಚೆನ್ನಾಜಮ್ಮ ಶಿವನಂಜಮ್ಮನ ಪಾದ ಮುಟ್ಟಿ ನೋಡಿದಳು. ತಣ್ಣಗಿತ್ತು.

"ಯಾಕೋ ಎತ್ತಲಿಲ್ಲ?"

"ಪ್ರಾಣ ಹೋದರೂ ಎತ್ತಬೇಡ ಅಂದಿದ್ಲು, ಚಿಕ್ಕವ್ವ."

ಬೈದು ಹೊಸ ಬುದ್ಧಿ ಹೇಳುತ್ತಿದ್ದ ಅವ್ವ ಮಲಗಿಬಿಟ್ಟಿದ್ದಳು. ಹಾಗಾಗಿ ಗುರುಮಲ್ಲ ಹಳೆಯ ಬುದ್ಧಿಯನ್ನೇ ಹಿಡಿದ.

ಮಾರನೆಯ ದಿನ ಶಿವನಂಜಮ್ಮನನ್ನು ಗುಂಡಿಯಲ್ಲಿ ಕೂರಿಸಿದರು. ಅಂಗೈಯಲ್ಲಿ ಅವಳ ಲಿಂಗ ಇಟ್ಟರು. ಒಬ್ಬೊಬ್ಬರೂ ವಿಭೂತಿ ಹಾಕಿದರು, ಪತ್ರೆ ಹಾಕಿದರು. ಗುರುಮಲ್ಲನೂ ಇಳಿದು ಪತ್ರೆ ಹಾಕಿ ಬಂದ. ಮಣ್ಣು ಮುಚ್ಚಿದರು. ಎಲ್ಲರೂ ಹೊರಟರು. ಅವನು ಏಳಲಿಲ್ಲ.

"ಬಾ ಮಗ, ಊಟ ಮಾಡುವಂತೆ. ಇವತ್ತಿಂದ ನಮ್ಮನೇಲೇ ಇರು," ಅಂತ ಚೆನ್ನಾಜಮ್ಮ ಅವನ ರಟ್ಟೆ ಹಿಡಿದಳು.

ಆಗ ಕಂಡಿತು. ಹಸಿ ಮಣ್ಣಿನೊಳಗಿಂದ ಒಂದು ಬಿಳಿ ವೈರು ಮೇಲೆ ಬಂದಿತ್ತು. ತುದಿಯ ಪ್ಲಗ್ಗು ಗುರುಮಲ್ಲನ ಮುಷ್ಟಿಯಲ್ಲಿತ್ತು. ಅವನು ಸ್ಮಶಾನವನ್ನೆಲ್ಲ ಒಮ್ಮೆ ಕಣ್ಣಲ್ಲೇ ಹುಡುಕಿದ.

"ಬತ್ತೀನಿ ಚಿಕ್ಕವ್ವ," ಅಂದ. "ಇಲ್ಲಿ ಕರೆಂಟು ಎಲ್ಲೈತೆ ಹೇಳು. ಚಾರ್ಜು ಹೋಗಬಾರದು."